ಬ್ರಿಟನ್ನಿನಲ್ಲಿ ಬೈಕ್ ಓಡಿಸುವವರಿಗೆ: ಅಡ್ವಾನ್ಸ್ಡ್ ತರಬೇತಿ ಪಡೆದರೆ ಇನ್ಶೂರೆನ್ಸ್ ಇಳಿಯುತ್ತಾ?

ರಜೆಗೆ ಹುಬ್ಬಳ್ಳಿಗೆ ಬಂದಿದ್ದೇನೆ. ಓಣಿಯ ಹುಡುಗರಲ್ಲಿ ಕೆಲವರು ಓದಲಿಕ್ಕೆ, ಕೆಲವರು ಕೆಲಸಕ್ಕೆ ಇಂಗ್ಲೆಂಡಿಗೆ ಹೊರಟಿದ್ದಾರೆ. ಗದಗ, ಹಾವೇರಿಯಿಂದಲೂ ಫೋನ್ ಬರುತ್ತವೆ. ಬಾಡಿಗೆ, ವೀಸಾ ಮುಗಿದ ಮೇಲೆ ಮಾತು ಬೈಕಿಗೆ ಬರುತ್ತದೆ. "ಅಣ್ಣಾರ, ಅಲ್ಲಿ ಅಡ್ವಾನ್ಸ್ಡ್ ಟ್ರೇನಿಂಗ್ ಮಾಡಿದ್ರ ಇನ್ಶೂರೆನ್ಸ್ ಅಗ್ಗ ಆಗ್ತೈತಂತಲ್ರಿ, ಖರೇನ?"

ಸ್ವಲ್ಪ ಖರೆ. ಲೈಸೆನ್ಸ್ ಸಿಕ್ಕ ಮೇಲೆ ಇನ್ನೂ ಚೆನ್ನಾಗಿ ಓಡಿಸಲು ಕಲಿಸುವುದೇ ಈ ಅಡ್ವಾನ್ಸ್ಡ್ ತರಬೇತಿ. ಅದಕ್ಕೆ ಕೆಲವು ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೊಟ್ಟರೂ ಕೋರ್ಸಿನ ಖರ್ಚು ಅದರಲ್ಲೇ ಹೊರಡುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಕೋರ್ಸ್ ಮಾತ್ರ ತಪ್ಪದೆ ಮಾಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಬೆಲೆ ಕಟ್ಟುವ ರೀತಿ ತಿಳಿದುಕೊಳ್ಳಿ. ಭಾರತದಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಗೊತ್ತುಮಾಡಿದ ದರ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 150ರಿಂದ 350 ಸಿಸಿ ಬೈಕಿಗೆ ವರ್ಷಕ್ಕೆ 1,366 ರೂಪಾಯಿ, ಜಿಎಸ್‌ಟಿ ಬೇರೆ. ಗಾಡಿ ಕೆಎ-25 ಇರಲಿ, ಕೆಎ-63 ಇರಲಿ, ಓಡಿಸುವವನು ಕಾಲೇಜು ಹುಡುಗನಾಗಲಿ, ರಿಟೈರ್ ಆದ ಮೇಷ್ಟ್ರಾಗಲಿ, ದರ ಅದೇ. ಬ್ರಿಟನ್ನಿನಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಸರ್ಕಾರಿ ದರ ಅಂತ ಇಲ್ಲ. ಕಂಪನಿ ಗಾಡಿಯ ಜೊತೆ ನಿಮ್ಮನ್ನೂ ನೋಡುತ್ತದೆ. ವಯಸ್ಸೆಷ್ಟು, ಯಾವ ಪಿನ್‌ಕೋಡಿನಲ್ಲಿ ಮನೆ, ರಾತ್ರಿ ಬೈಕ್ ಗ್ಯಾರೇಜಿನಲ್ಲೋ ರಸ್ತೆಯಲ್ಲೋ, ಲೈಸೆನ್ಸ್ ಯಾವುದು, ಎಷ್ಟು ವರ್ಷದಿಂದ ಇದೆ, ಕ್ಲೇಮ್ ಇಲ್ಲದ ವರ್ಷಗಳೆಷ್ಟು, ಆಫೀಸಿಗೆ ಓಡಿಸುತ್ತೀರೋ ಸುಮ್ನೆ ಸುತ್ತಾಡಲಿಕ್ಕೋ. ಈ ಉದ್ದ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಕೋರ್ಸ್ ಒಂದು ಸಣ್ಣ ಸಾಲು. ಹಾಗಾಗಿ ಒಬ್ಬನಿಗೆ ಇಳಿದ ಬೆಲೆ ನಿಮಗೂ ಅಷ್ಟೇ ಇಳಿಯುತ್ತದೆ ಎನ್ನುವಂತಿಲ್ಲ.

ಹೊಸಬರು ಗೊಂದಲ ಮಾಡಿಕೊಳ್ಳುವುದು ಸಿಬಿಟಿ (ಕಂಪಲ್ಸರಿ ಬೇಸಿಕ್ ಟ್ರೇನಿಂಗ್) ವಿಷಯದಲ್ಲಿ. ಅದು ಅಡ್ವಾನ್ಸ್ಡ್ ತರಬೇತಿ ಅಲ್ಲ, ಕಡ್ಡಾಯದ ಮೊದಲ ಪಾಠ. ಭಾರತದ ಲೈಸೆನ್ಸ್‌ನಲ್ಲಿ ಬೈಕ್ ಇದ್ದರೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಅದರ ಮೇಲೆಯೇ ಓಡಿಸಬಹುದು. ಆಮೇಲೆ ಅದನ್ನು ಅಲ್ಲಿನ ಲೈಸೆನ್ಸಿಗೆ ಸೀದಾ ಬದಲಿಸಿಕೊಡುವುದಿಲ್ಲ. ಮೊದಲಿಂದ ಶುರು ಮಾಡಬೇಕು: ಪ್ರಾವಿಷನಲ್ ಅಂದರೆ ಕಲಿಯುವವರ ಲೈಸೆನ್ಸ್, ಸಿಬಿಟಿ, ಥಿಯರಿ ಪರೀಕ್ಷೆ, ನಂತರ ಮಾಡ್ಯೂಲ್ 1, ಮಾಡ್ಯೂಲ್ 2 ಎಂಬ ಎರಡು ಓಡಿಸುವ ಪರೀಕ್ಷೆ. ಬರೀ ಸಿಬಿಟಿ ಮೇಲೆ 125 ಸಿಸಿವರೆಗಿನ ಗಾಡಿಯನ್ನು ಎಲ್ ಬೋರ್ಡ್ ಹಾಕಿ ಓಡಿಸಬಹುದು. ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟರ್‌ವೇಗೆ ಹೋಗುವಂತಿಲ್ಲ. 2 ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಊರಲ್ಲಿ ಬುಲೆಟ್ 350 ಓಡಿಸಿದವರಿಗೆ ಇದು ಬೇಸರ ತರುತ್ತದೆ, ಗೊತ್ತು. ಆದರೆ 19 ತುಂಬಿದವರು ಎ2 ಎಂಬ ಮಧ್ಯಮ ದರ್ಜೆಯ ಬೈಕ್ ಲೈಸೆನ್ಸಿನ ಪರೀಕ್ಷೆ ಪಾಸಾದರೆ 35 ಕಿಲೋವ್ಯಾಟ್‌ವರೆಗಿನ ಬೈಕ್ ಓಡಿಸಬಹುದು, ಬುಲೆಟ್ ಅದರೊಳಗೆ ಸಲೀಸಾಗಿ ಬರುತ್ತದೆ. 24 ತುಂಬಿದವರು ನೇರವಾಗಿ ದೊಡ್ಡ ಬೈಕಿನ ಪರೀಕ್ಷೆಗೇ ಹೋಗಬಹುದು. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದನ್ನು ಮೊದಲು ಫುಲ್ ಲೈಸೆನ್ಸಿಗೆ ಹಾಕಿ. ಅಡ್ವಾನ್ಸ್ಡ್ ಕೋರ್ಸ್ ಆಮೇಲೆ.

ಅಡ್ವಾನ್ಸ್ಡ್ ಎಂದಾಗ ಕೇಳಿಬರುವ ಹೆಸರುಗಳು ಮುಖ್ಯವಾಗಿ ನಾಲ್ಕು. ಎನ್‌ಹಾನ್ಸ್ಡ್ ರೈಡರ್ ಸ್ಕೀಮ್ ಡಿವಿಎಸ್‌ಎ, ಅಂದರೆ ಡ್ರೈವಿಂಗ್ ಪರೀಕ್ಷೆ ನಡೆಸುವ ಸರ್ಕಾರಿ ಸಂಸ್ಥೆಯದು. ಅದರಲ್ಲಿ ಪಾಸು-ಫೇಲು ಇಲ್ಲ. ಟ್ರೇನರ್ ನಿಮ್ಮ ಓಡಿಸುವ ರೀತಿ ನೋಡುತ್ತಾರೆ, ಕೊರತೆ ಇದ್ದ ಕಡೆ ಕಲಿಸುತ್ತಾರೆ, ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಐಎಎಂ ರೋಡ್‌ಸ್ಮಾರ್ಟ್ 1956ರಲ್ಲಿ ಶುರುವಾದ ಸಂಸ್ಥೆ, ಅಲ್ಲಿ ಪರೀಕ್ಷೆ ಇದೆ. ಅಪಘಾತ ತಡೆಯಲು ಕೆಲಸ ಮಾಡುವ ರೋಸ್ಪಾ ಸಂಸ್ಥೆಯ ಪರೀಕ್ಷೆಯಲ್ಲಿ ಗೋಲ್ಡ್, ಸಿಲ್ವರ್, ಬ್ರಾಂಜ್ ಎಂಬ ದರ್ಜೆಗಳಿವೆ, 3 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಬೈಕ್‌ಸೇಫ್ ಪೊಲೀಸರದು, ಅವರೇ ಹಿಂದೆ ಬಂದು ನೋಡಿ ತಪ್ಪು ತಿಳಿಸುತ್ತಾರೆ. ನನ್ನ ಮಟ್ಟಿಗೆ ಹೊಸಬರು ಬೈಕ್‌ಸೇಫ್‌ನಿಂದ ಶುರು ಮಾಡುವುದು ಒಳ್ಳೆಯದು. ಪೊಲೀಸರು ಅಂತ ಹೆದರಬೇಡಿ, ದಂಡ ಹಾಕಲಿಕ್ಕೆ ಬಂದವರಲ್ಲ ಅವರು.

ದುಡ್ಡು ಕಟ್ಟುವ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕೇಳಿ: "ನಾನು ಈ ಕೋರ್ಸ್ ಮುಗಿಸಿದರೆ ನನ್ನ ಪ್ರೀಮಿಯಂ ಎಷ್ಟಾಗುತ್ತದೆ?" ಕೋರ್ಸಿನ ಹೆಸರು ಹೇಳಿಯೇ ಕೇಳಿ, ಒಂದನ್ನು ಒಪ್ಪುವವರು ಇನ್ನೊಂದನ್ನು ಒಪ್ಪದಿರಬಹುದು. ಒಂದು ಕಂಪನಿಯ ರಿಯಾಯಿತಿ ಬೆಲೆಗಿಂತ ಇನ್ನೊಂದರ ಮಾಮೂಲಿ ಬೆಲೆಯೇ ಕಡಿಮೆ ಇರುವುದೂ ಉಂಟು. ರಿಯಾಯಿತಿ ನೋಡಬೇಡಿ, ಕೊನೆಗೆ ಕಟ್ಟುವ ಮೊತ್ತ ನೋಡಿ. ಒಳ್ಳೆಯ ಬೀಗ, ರಾತ್ರಿ ಒಳಗೆ ನಿಲ್ಲಿಸುವ ಜಾಗ, ಕ್ಲೇಮ್ ಇಲ್ಲದ ಒಂದೊಂದು ವರ್ಷ, ಇವೂ ಬೆಲೆ ಇಳಿಸುತ್ತವೆ.

ಹಾಗಾದರೆ ಕೋರ್ಸ್ ಯಾಕೆ? ನಮ್ಮ ಕೈ ಪಳಗಿದ್ದು ಬೇರೆ ರಸ್ತೆಯಲ್ಲಿ. ಅಣ್ಣಿಗೇರಿ, ನವಲಗುಂದ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಎರೆ ಮಣ್ಣು ಡಾಂಬರಿನ ಮೇಲೆ ಬಿದ್ದರೆ ಗಾಡಿ ಜಾರುತ್ತದೆ ಅಂತ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ಗಾಡಿ ಜಾರಿಸುವುದು ಒದ್ದೆ ಎಲೆ, ಚೆಲ್ಲಿದ ಡೀಸೆಲ್, ಚಳಿಗಾಲದ ಬೆಳಗ್ಗೆ ಕಣ್ಣಿಗೇ ಕಾಣದ ಮಂಜುಗಡ್ಡೆ. ಎಡಗಡೆಯ ಸಂಚಾರ ನಮ್ಮಂತೆಯೇ ಇರುವುದರಿಂದ ಎಲ್ಲ ಗೊತ್ತು ಅನಿಸಿಬಿಡುತ್ತದೆ. ಆದರೆ ರೌಂಡ್‌ಅಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು. ಚನ್ನಮ್ಮ ಸರ್ಕಲ್ಲಿನಲ್ಲಿ ನುಗ್ಗಿದ ಹಾಗೆ ನುಗ್ಗಿದರೆ ಎದುರಿನವರು ಬ್ರೇಕ್ ಹಾಕುವುದಿಲ್ಲ, ಯಾಕೆಂದರೆ ನೀವು ನಿಲ್ಲುತ್ತೀರಿ ಅಂತಲೇ ಅವರು ನಂಬಿರುತ್ತಾರೆ. ಹಾರ್ನ್ ಮೇಲೆ ನಂಬಿಕೆ ಬಿಟ್ಟು ಕಣ್ಣಿನ ಮೇಲೆ ನಂಬಿಕೆ ಬೆಳೆಸುವುದನ್ನು ಈ ಕೋರ್ಸ್‌ಗಳು ಕಲಿಸುತ್ತವೆ. ಮುಂದೇನಿದೆ ನೋಡು, ಸರಿಯಾದ ಜಾಗಕ್ಕೆ ಬಾ, ವೇಗ ಹೊಂದಿಸು, ಗೇರ್ ಹಾಕು, ಆಮೇಲೆ ಎಕ್ಸಿಲರೇಟರ್ ಕೊಡು. ಇದೇ ಕ್ರಮವನ್ನು ತಿರುವು ತಿರುವಿಗೂ ಮಾಡಿಸುತ್ತಾರೆ. ಇದರಿಂದ ಒಂದು ಅಪಘಾತ ತಪ್ಪಿದರೂ ನಿಮ್ಮ ಜೀವ ಉಳಿಯಿತು. ನೋ ಕ್ಲೇಮ್ ವರ್ಷಗಳೂ ಉಳಿದವು, ಅಲ್ವಾ?

ಬೆಲೆ ಇಳಿಸಲಿಕ್ಕೆ ಸುಳ್ಳು ಮಾತ್ರ ಹೇಳಬೇಡಿ. ಮುಗಿಸದ ಕೋರ್ಸ್ ಮುಗಿಸಿದೆ ಅಂದರೆ, ರಸ್ತೆಯಲ್ಲಿ ನಿಲ್ಲಿಸುವ ಬೈಕ್ ಗ್ಯಾರೇಜಿನಲ್ಲಿದೆ ಅಂದರೆ ಕ್ಲೇಮ್ ಹೊತ್ತಿನಲ್ಲಿ ಕೈ ಬಿಡುತ್ತಾರೆ. ವಿಮೆ ಇಲ್ಲದೆ ಓಡಿಸಿ ಸಿಕ್ಕರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ತಪ್ಪಿನ ಪಾಯಿಂಟ್. ಊಟದ ಡೆಲಿವರಿಗೆ ಮಾಮೂಲಿ ಪಾಲಿಸಿ ನಡೆಯುವುದಿಲ್ಲ, ಬೇರೆ ವಿಮೆ ಬೇಕು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ, ಆ್ಯಪ್ ಡೆಲಿವರಿ ಅದರೊಳಗೇ ಬರುತ್ತದೆ. ಯಾರು ಏನೇ ಹೇಳಿದರೂ ಅದಕ್ಕೆ ಕೈ ಹಾಕಬೇಡಿ.

ಇನ್ನೂ ಊರಲ್ಲೇ ಇರುವವರು ಒಂದು ಕೆಲಸ ಮುಗಿಸಿಕೊಳ್ಳಿ. ನಿಮ್ಮ ಹೆಸರಿನ ಬೈಕಿಗೆ ಫುಲ್ ಇನ್ಶೂರೆನ್ಸ್ ಇದ್ದು ಕ್ಲೇಮ್ ಆಗಿಲ್ಲದಿದ್ದರೆ, ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ವರ್ಷಗಳು ಸ್ಪಷ್ಟವಾಗಿರಲಿ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಈ ಬೋನಸ್ ಇರುವುದಿಲ್ಲ. ಅಲ್ಲಿ ಎಷ್ಟೋ ಕಂಪನಿಗಳು ನಮ್ಮ ಪತ್ರ ಒಪ್ಪುವುದಿಲ್ಲ, ಆದರೂ ಕೇಳಿ ನೋಡಬೇಕು, ಕೇಳಲಿಕ್ಕೆ ಕಾಗದ ಕೈಯಲ್ಲಿರಬೇಕು.