ಬೇರಿಯಾಟ್ರಿಕ್ ಸರ್ಜರಿಯ ನಂತರ ಇನ್ಸುಲಿನ್ ಡೋಸ್ ಇಳಿಸುವ ಬಗೆ: ನನ್ನ ಅನುಭವ

ಡಯಾಬಿಟಿಸ್ ಇರುವವರಲ್ಲಿ ತೂಕ ಇಳಿಸುವ (ಬೇರಿಯಾಟ್ರಿಕ್) ಸರ್ಜರಿಯಾದ ಮೊದಲ ವಾರದಲ್ಲೇ ಫಾಸ್ಟಿಂಗ್ ಶುಗರ್ ಇಳಿಯುತ್ತದೆ, ತೂಕ ಮಾತ್ರ ಇನ್ನೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದಕ್ಕೆ ಕಾರಣ ಲಿವರ್. ಊಟ ದಿನಕ್ಕೆ ಕೆಲವೇ ನೂರು ಕ್ಯಾಲರಿಗೆ ಇಳಿದ ಕೂಡಲೇ ಲಿವರ್‌ನಲ್ಲಿ ಸೇರಿದ್ದ ಕೊಬ್ಬು ಕರಗತೊಡಗುತ್ತದೆ. ರಾತ್ರಿಯಿಡೀ ಲಿವರ್ ರಕ್ತಕ್ಕೆ ಬಿಡುತ್ತಿದ್ದ ಗ್ಲೂಕೋಸನ್ನು ಇನ್ಸುಲಿನ್ ಮತ್ತೆ ತಡೆಯತೊಡಗುತ್ತದೆ. 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ ಸರ್ಜರಿಯೇ ಇಲ್ಲದೆ, ಸುಮಾರು 600 ಕ್ಯಾಲರಿ ಆಹಾರದಿಂದ ಒಂದು ವಾರದಲ್ಲಿ ಇದನ್ನೇ ತೋರಿಸಿತು. ಸ್ನಾಯುಗಳ ಕಥೆ ಬೇರೆ. ಅವು ಇನ್ಸುಲಿನ್ ಮಾತು ಕೇಳಲು ತಿಂಗಳುಗಳೇ ಬೇಕು, ತೂಕ ಇಳಿದಷ್ಟೂ ಸುಧಾರಣೆ. ಡೋಸ್ ಇಳಿಸುವಾಗ ಈ ಎರಡು ವೇಗಗಳನ್ನೂ ಬೇರೆಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಮೂರನೆಯ ಅಂಶವೊಂದು ಸೇರುತ್ತದೆ. ಸುಮಾರು 30 ಮಿಲಿ ಹಿಡಿಯುವ ಪುಟ್ಟ ಹೊಟ್ಟೆಯಿಂದ ಆಹಾರ ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ನೇರವಾಗಿ ಮುಂದಿನ ಭಾಗಕ್ಕೆ ಇಳಿಯುವುದರಿಂದ ಕರುಳಿನ ಜಿಎಲ್‌ಪಿ-1 ಹಾರ್ಮೋನು ಊಟದ ನಂತರ ಹಲವು ಪಟ್ಟು ಏರುತ್ತದೆ. ಅದರಿಂದ ಇನ್ಸುಲಿನ್ ಸ್ರವಿಕೆ ಹೆಚ್ಚುತ್ತದೆ. ಹೊಟ್ಟೆಯ ಬಹುಭಾಗ ತೆಗೆದು ಕೊಳವೆಯಂತೆ ಮಾಡುವ ಸ್ಲೀವ್ ಸರ್ಜರಿಯಲ್ಲೂ ಹೀಗಾಗುತ್ತದೆ, ಆದರೆ ಬೈಪಾಸ್‌ನಷ್ಟಲ್ಲ.

ಸರ್ಜರಿಗೆ ಮುಂಚೆ ನಾವು ನೋಡುವುದು ಫಾಸ್ಟಿಂಗ್ ಶುಗರ್, ಫಾಸ್ಟಿಂಗ್ ಇನ್ಸುಲಿನ್, ಸಿ-ಪೆಪ್ಟೈಡ್ (ದೇಹವೇ ತಯಾರಿಸುವ ಇನ್ಸುಲಿನ್‌ನ ಅಳತೆ) ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್). ಶುಗರ್ ಅನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಹೋಮಾ-ಐಆರ್, ಅಂದರೆ ಇನ್ಸುಲಿನ್ ಪ್ರತಿರೋಧದ ಅಂಕ ಸಿಗುತ್ತದೆ. ಶುಗರ್ 162, ಇನ್ಸುಲಿನ್ 25 ಇದ್ದರೆ ಹೋಮಾ 10. ಅಂದರೆ ದೇಹ ಇನ್ಸುಲಿನ್‌ಗೆ ತೀರಾ ಮಂದವಾಗಿ ಸ್ಪಂದಿಸುತ್ತಿದೆ. ಮುಂದೆ ಶುಗರ್ 108, ಇನ್ಸುಲಿನ್ 9 ಆದರೆ ಅದು 2.4ಕ್ಕೆ ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ, ಚುಚ್ಚಿದ ಇನ್ಸುಲಿನ್ ಕೂಡ ಪರೀಕ್ಷೆಯಲ್ಲಿ ಸೇರಿಕೊಳ್ಳಬಹುದು. ಅಂಥವರಲ್ಲಿ ಸಿ-ಪೆಪ್ಟೈಡ್ ಹೆಚ್ಚು ಹೇಳುತ್ತದೆ. ಅದೂ ಶುಗರ್ 300ರ ಹತ್ತಿರ ಇರುವಾಗ ತೆಗೆದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಶುಗರ್ ಹಿಡಿತಕ್ಕೆ ತಂದು ಮತ್ತೆ ನೋಡುವುದೇ ಸರಿ. ಕಣ್ಣಿನ ಅಕ್ಷಿಪಟಲದ ಪರೀಕ್ಷೆಯನ್ನು ನಾನು ಬಿಡುವುದೇ ಇಲ್ಲ. ಬಹಳ ಕಾಲ ಮೇಲಿದ್ದ ಶುಗರ್ ಒಮ್ಮೆಲೇ ಇಳಿದಾಗ ರೆಟಿನೋಪತಿ (ಶುಗರ್‌ನಿಂದ ಅಕ್ಷಿಪಟಲಕ್ಕಾದ ಹಾನಿ) ಹದಗೆಡಬಹುದು.

ಸರ್ಜರಿಗೆ ಎರಡು ವಾರ ಇರುವಾಗ ಲಿವರ್ ಕುಗ್ಗಿಸಲು 800ರಿಂದ 1,000 ಕ್ಯಾಲರಿ ಆಹಾರ ಶುರುವಾಗುತ್ತದೆ. ಡೋಸ್ ಇಳಿಸಬೇಕಾದದ್ದು ಅಂದೇ. ಹೆಚ್ಚಿನ ಕಡೆ ಸರ್ಜರಿಯ ದಿನದವರೆಗೂ ಕಾಯುತ್ತಾರೆ, ಅದಕ್ಕೇ ಈ ಎರಡು ವಾರದಲ್ಲಿ ಶುಗರ್ ಲೋ ಆಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸುತ್ತೇವೆ, ಇನ್ಸುಲಿನ್ ಸುಮಾರು ಅರ್ಧಕ್ಕೆ ಇಳಿಸುತ್ತೇವೆ. ಮೂತ್ರದಲ್ಲಿ ಶುಗರ್ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸರ್ಜರಿಗೆ ಕನಿಷ್ಠ 3 ದಿನ ಮುಂಚೆ ನಿಲ್ಲಬೇಕು. ಇವನ್ನು ತೆಗೆದುಕೊಳ್ಳುತ್ತಾ ಊಟ ಕಡಿಮೆ ಮಾಡಿದರೆ ಶುಗರ್ 180 ಇದ್ದಾಗಲೂ ಕೀಟೋಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲ ಅಪಾಯಕಾರಿಯಾಗಿ ಏರುವುದು) ಆಗಬಹುದು. ಗ್ಲೂಕೋಮೀಟರ್ ನೋಡಿ ನೆಮ್ಮದಿಯಾಗಿದ್ದರೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ವಾಂತಿ, ಏದುಸಿರು ಕಂಡರೆ ಕೀಟೋನ್ ಪರೀಕ್ಷಿಸಲೇಬೇಕು.

ಸರ್ಜರಿಯಾದ ಮೇಲೆ ಊಟಕ್ಕೆ ಮುಂಚಿನ ನಿಗದಿತ ಇನ್ಸುಲಿನ್ ನಿಲ್ಲಿಸುತ್ತೇವೆ, ಏಕೆಂದರೆ ರೋಗಿ ದ್ರವಾಹಾರ ಎಷ್ಟು ಕುಡಿಯುತ್ತಾರೆ ಎಂಬುದೇ ಖಚಿತವಿರುವುದಿಲ್ಲ. ಬೇಸಲ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಬೇಕಾದವರಿಗೆ ಕೆಜಿಗೆ 0.1 ಯೂನಿಟ್‌ನಿಂದ ಆರಂಭ. 120 ಕೆಜಿ ತೂಕದವರಿಗೆ 12 ಯೂನಿಟ್. ಮುಂಚೆ 60 ಯೂನಿಟ್ ಚುಚ್ಚುತ್ತಿದ್ದವರಿಗೂ, ಅವರ ಮನೆಯವರಿಗೂ ಇದು ನಂಬಲು ಕಷ್ಟ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಡೋಸ್ ಬರೆದರೆ ಸಾಲದು, ನಿಲ್ಲಿಸಿದ ಔಷಧಿಗಳ ಹೆಸರನ್ನೂ ಬರೆಯಬೇಕು. ಇಲ್ಲವಾದರೆ ಫ್ರಿಜ್‌ನಲ್ಲಿರುವ ಹಳೆಯ ಇನ್ಸುಲಿನ್ ಪೆನ್ನು ಹಳೆಯ ಡೋಸ್‌ಗೇ ತಿರುಗುತ್ತದೆ. ಫಾಸ್ಟಿಂಗ್ ಶುಗರ್ 100ಕ್ಕಿಂತ ಕೆಳಗೆ ಬಂದರೆ ಬೇಸಲ್ ಡೋಸ್ ಶೇ. 20 ಇಳಿಸಿ ಎನ್ನುತ್ತೇವೆ. 70ಕ್ಕಿಂತ ಕೆಳಗಾದರೆ ಅಂದೇ ಫೋನ್ ಮಾಡಬೇಕು. ಟೈಪ್ 1 (ದೇಹ ಇನ್ಸುಲಿನ್ ತಯಾರಿಸದ ಬಗೆಯ ಡಯಾಬಿಟಿಸ್) ಇರುವವರಲ್ಲಿ ಡೋಸ್ ಎಷ್ಟೇ ಇಳಿದರೂ ಬೇಸಲ್ ಪೂರ್ತಿ ನಿಲ್ಲಿಸುವ ಹಾಗಿಲ್ಲ.

ಮೆಟ್‌ಫಾರ್ಮಿನ್ ಮುಂದುವರಿಯುತ್ತದೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿದ ಮೇಲೆ. ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಬೇಡ, ಸಾಧಾರಣ ಮಾತ್ರೆ ಕೊಡಿ. ಶುಗರ್ ಸರಿಬಂದಿತೆಂದು ಮೊದಲ ವಾರವೇ ಇದನ್ನು ಬಿಡಿಸುವುದು ಅವಸರ ಎಂದೇ ನನ್ನ ಅಭಿಪ್ರಾಯ: ಆಗ ಸುಧಾರಿಸಿರುವುದು ಲಿವರ್ ಮಾತ್ರ, ಸ್ನಾಯು ಇನ್ನೂ ಹಿಂದೆ ಉಳಿದಿದೆ.

ದ್ರವಾಹಾರದ ದಿನಗಳಲ್ಲಿ ನಮ್ಮ ಕಡೆ ಮನೆಯವರು ಪ್ರೀತಿಯಿಂದ ಅಕ್ಕಿ ಗಂಜಿ, ರಾಗಿ ಅಂಬಲಿ, ಎಳನೀರು ಕೊಡುತ್ತಾರೆ. ಶುಗರ್ ಏರುವುದು ಇವುಗಳಿಂದಲೇ. ಅದಕ್ಕೆ ಡೋಸ್ ಏರಿಸುವುದು ತಪ್ಪು. ಗಂಜಿಯ ಬದಲು ಸಕ್ಕರೆಯಿಲ್ಲದ ಹಾಲು, ನೀರು ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಪ್ರೋಟೀನ್ ಪುಡಿ ಸಾಕು. ಮುಂದೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸೇರಲೇಬೇಕು. ಅದು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಊಟದ ಗ್ಲೂಕೋಸನ್ನು ಹೀರುವ ಜಾಗವೇ ಕಿರಿದಾಗುತ್ತದೆ.

ಮೂರು ತಿಂಗಳಿಗೆ ಎಚ್‌ಬಿಎ1ಸಿ ನೋಡುವಾಗ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12 ಜೊತೆಗಿರಲಿ. ಕಬ್ಬಿಣದ ಕೊರತೆ ಎಚ್‌ಬಿಎ1ಸಿಯನ್ನು ಸುಳ್ಳಾಗಿ ಏರಿಸುತ್ತದೆ. ಔಷಧಿ ಬಿಟ್ಟು ಮೂರು ತಿಂಗಳ ನಂತರವೂ ಅದು 6.5ಕ್ಕಿಂತ ಕೆಳಗಿದ್ದರೆ ಉಪಶಮನ ಎನ್ನುತ್ತೇವೆ, ಗುಣವಾಯಿತು ಎನ್ನುವುದಿಲ್ಲ. ಅಮೆರಿಕದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಐದು ವರ್ಷಕ್ಕೆ 6.0 ಅಥವಾ ಅದಕ್ಕಿಂತ ಕೆಳಗೆ ಉಳಿದವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಔಷಧಿಯಷ್ಟೇ ಪಡೆದವರಲ್ಲಿ ಶೇ. 5. ಬಹುಕಾಲದ ಕಾಯಿಲೆ, ತಗ್ಗಿದ ಸಿ-ಪೆಪ್ಟೈಡ್ ಇರುವವರಿಗೆ ಇನ್ಸುಲಿನ್ ಪೂರ್ತಿ ನಿಲ್ಲುತ್ತದೆಂದು ನಾನು ಭರವಸೆ ಕೊಡುವುದಿಲ್ಲ.

ಬೈಪಾಸ್ ಆಗಿ ಒಂದು ವರ್ಷ ದಾಟಿದ ಮೇಲೆ ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ಮಂಕು ಬರುತ್ತದೆ. ಸ್ನಾಯು ಈಗ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತಿದೆ, ಜಿಎಲ್‌ಪಿ-1 ಇನ್ನೂ ಇನ್ಸುಲಿನ್ ಹೊರಡಿಸುತ್ತಲೇ ಇದೆ, ಹೀಗಾಗಿ ಶುಗರ್ 54ಕ್ಕಿಂತ ಕೆಳಗೂ ಬೀಳುತ್ತದೆ. ಇದನ್ನು ಪತ್ತೆ ಮಾಡಲು 75 ಗ್ರಾಂ ಗ್ಲೂಕೋಸ್ ಕುಡಿಸಬೇಡಿ, ಸಕ್ಕರೆ ಒಮ್ಮೆಲೇ ಕರುಳಿಗೆ ನುಗ್ಗಿ (ಇದನ್ನೇ ಡಂಪಿಂಗ್ ಎನ್ನುವುದು) ರೋಗಿ ನರಳುತ್ತಾರೆ. ಲಕ್ಷಣ ಬಂದ ಗಳಿಗೆಯಲ್ಲೇ ಮೀಟರ್‌ನಲ್ಲಿ ನೋಡಿ ಬರೆದಿಡುವುದು ಮೇಲು. ಹೊಟ್ಟೆ ಖಾಲಿ ಇದ್ದಾಗ ಲೋ ಆದರೆ ಕಾರಣ ಬೇರೆ ಇರಬಹುದು, ತನಿಖೆ ಬೇಕು. ಚಿಕಿತ್ಸೆ ಸಣ್ಣ ಊಟಗಳಿಂದ ಶುರು: ಮೊದಲು ಪ್ರೋಟೀನ್, ಅನ್ನ ಮುದ್ದೆ ಕೊನೆಗೆ, ಅದೂ ಸ್ವಲ್ಪ. ಸಾಲದಿದ್ದರೆ ಅಕಾರ್ಬೋಸ್ 25 ಮಿಗ್ರಾಂ, ಊಟದ ಮೊದಲ ತುತ್ತಿನ ಜೊತೆ. ಈ ಮಾತ್ರೆ ತೆಗೆದುಕೊಂಡವರಿಗೆ ಲೋ ಆದರೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಅವು ಒಡೆದು ಗ್ಲೂಕೋಸ್ ಆಗುವುದನ್ನೇ ಅಕಾರ್ಬೋಸ್ ತಡೆಯುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು: 10ರಿಂದ 15 ಗ್ರಾಂ ನೀರಿನಲ್ಲಿ ಕಲಸಿ ಕುಡಿದು, ಶುಗರ್ ಏರಿದ ಮೇಲೆ ಒಂದು ಮೊಟ್ಟೆ ಅಥವಾ ಒಂದು ತುಂಡು ಪನೀರ್.