ಸಂಗೀತ ಕಾಲೇಜಿನ ಆಡಿಷನ್‌ಗೆ ಏನು ಉಡಬೇಕು, ಏನು ತೊಡಬೇಕು

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿರಲಿ, ಗದುಗಿನ ಕಡೆಯ ಸಂಗೀತ ಶಾಲೆಗಳಿರಲಿ, ಹಿಂದುಸ್ತಾನಿ ಗಾಯನ-ವಾದನ ಅಂದಮೇಲೆ ಕೂಡುವುದು ನೆಲದ ಮೇಲೆ. ಒಂದು ಜಮಖಾನೆ, ತಂಬೂರಿ, ಹಾರ್ಮೋನಿಯಂ, ತಬಲಾ, ಎದುರಿಗೆ ಗುರುಗಳು. ಆದ್ದರಿಂದ ಬಟ್ಟೆಯನ್ನು ಕನ್ನಡಿ ಮುಂದೆ ನಿಂತು ಆರಿಸಬೇಡಿ, ನೆಲದ ಮೇಲೆ ಕೂತು ಆರಿಸಿ. ನಿಂತಾಗ ಚಂದ ಕಾಣುವ ಎಷ್ಟೋ ಉಡುಪು ಚಕ್ಕಳಮಕ್ಕಳ ಹಾಕಿದ ಕೂಡಲೇ ಹೊಟ್ಟೆ ಒತ್ತುತ್ತವೆ, ಮೊಣಕಾಲು ಬಿಗಿಯುತ್ತವೆ, ಕೊರಳು ಜಗ್ಗುತ್ತವೆ.

ಆಡಿಷನ್‌ಗೆ ಒಂದು ವಾರ ಇರುವಾಗಲೇ ಅವತ್ತಿನ ಬಟ್ಟೆಯನ್ನೆಲ್ಲ, ಒಳ ಉಡುಪೂ ಸೇರಿ, ತೊಟ್ಟುಕೊಂಡು ಮನೆಯಲ್ಲಿ ಅರ್ಧ ತಾಸು ಕೂತು ಹಾಡಿ. ಮೊದಲು ಮಂದ್ರದಲ್ಲಿ ಖರ್ಜ, ಅಂದರೆ ಕೆಳಗಿನ ಸಪ್ತಕದ ಸಾ ಹಚ್ಚಿ, ಉಸಿರು ಪೂರ್ತಿ ಮುಗಿಯುವವರೆಗೆ ಸ್ವರ ನಿಲ್ಲಿಸಿ. ಆಮೇಲೆ ಎದೆ ತುಂಬ ಉಸಿರೆಳೆದು ಒಂದು ಉದ್ದನೆಯ ತಾನ್ (ವೇಗವಾಗಿ ಓಡುವ ಸ್ವರಗಳ ಸಾಲು) ತೆಗೆದುಕೊಳ್ಳಿ. ಕೈಯಲ್ಲಿ ಹದಿನಾರು ಮಾತ್ರೆಯ ತೀನ್‌ತಾಲದ ನಾಲ್ಕು ಆವರ್ತನ (ಸುತ್ತು) ಹಾಕಿ. ಕೊನೆಗೆ ನೆಲಕ್ಕೆ ಕೈ ಊರದೆ ಎದ್ದು ನಿಲ್ಲಿ. ಇಷ್ಟರಲ್ಲಿ ಒಂದು ಸಲವಾದರೂ ಬಟ್ಟೆ ಸರಿಮಾಡಿಕೊಳ್ಳಲು ಕೈ ಹೋದರೆ, ಆ ಬಟ್ಟೆ ಬೇಡ, ಇಲ್ಲವೇ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿ. ಆಡಿಷನ್ನಿನಲ್ಲಿ ಹಾಡುವುದು ಹತ್ತೇ ನಿಮಿಷವಾದರೂ ಹೊರಗೆ ಕಾಯುವುದು ಎರಡು ತಾಸಾಗಬಹುದು, ಆ ಹೊತ್ತೂ ಬಟ್ಟೆ ತಡೆಯಬೇಕು.

ಹುಡುಗರಿಗೆ ಹತ್ತಿಯ ಜುಬ್ಬಾ-ಪೈಜಾಮಕ್ಕಿಂತ ಒಳ್ಳೆಯದು ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಧಾರವಾಡದ ಹತ್ತಿರ ಗರಗದಲ್ಲಿ ಖಾದಿ ಕೇಂದ್ರಗಳಿರುವ ನಾಡು ನಮ್ಮದು, ಬಟ್ಟೆಗೆ ದೂರ ಹೋಗಬೇಕಿಲ್ಲ. ಆದರೆ ಖಾದಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಸಿಂಪಿಗರಿಗೆ ಕೊಡಿ. ಹಾಗೇ ಹೊಲಿಸಿ ಆಮೇಲೆ ಒಗೆದರೆ ಮೊದಲು ಬಿಗಿಯಾಗುವುದು ಕೊರಳಪಟ್ಟಿ, ಅದೇ ಗಾಯಕನಿಗೆ ಸಡಿಲ ಇರಬೇಕಾದ ಜಾಗ.

ಅಳತೆ ಕೊಡುವಾಗ ಉಸಿರು ಬಿಟ್ಟು ನಿಲ್ಲಬೇಡಿ, ಎದೆ ತುಂಬಿಕೊಂಡು ನಿಲ್ಲಿ. ಆ ಅಳತೆಯ ಮೇಲೆ ಇನ್ನೂ ನಾಲ್ಕು ಇಂಚು ಸಡಿಲ ಬಿಡಲು ಹೇಳಿ. ಕೊರಳ ಗುಂಡಿ ಹಾಕಿದಾಗ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಹಾಡುವಾಗ ಮೇಲಿನ ಗುಂಡಿ ಬಿಚ್ಚಿದರೂ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಸೀಳು ಹತ್ತರಿಂದ ಹನ್ನೆರಡು ಇಂಚು ಇರಲಿ. ಸೀಳು ಸಣ್ಣದಾದರೆ ಕೂತಾಗ ಜುಬ್ಬಾದ ಹಿಂದಿನ ಸೆರಗು ನಿಮ್ಮ ಕೆಳಗೇ ಸಿಕ್ಕಿಕೊಂಡು, ಮುಂದಿನ ಕೊರಳಪಟ್ಟಿ ಗಂಟಲ ಮೇಲೆ ಬಂದು ಒತ್ತುತ್ತದೆ. ತಾರದಲ್ಲಿ, ಅಂದರೆ ಮೇಲಿನ ಸಪ್ತಕದಲ್ಲಿ, ಸ್ವರ ಏಕೆ ಕಟ್ಟುತ್ತಿದೆ ಎಂದು ಹಾಡುವವರಿಗೇ ತಿಳಿಯುವುದಿಲ್ಲ! ಕೂಡುವ ಮೊದಲು ಎರಡೂ ಕೈಯಿಂದ ಹಿಂದಿನ ಸೆರಗನ್ನು ಎತ್ತಿ ಪಕ್ಕಕ್ಕೆ ಬಿಡುವುದನ್ನು ರೂಢಿ ಮಾಡಿಕೊಳ್ಳಿ.

ಪೈಜಾಮದ ಲಾಡಿಯನ್ನು ಹೊಕ್ಕಳಿಗಿಂತ ಎರಡು ಬೆರಳು ಕೆಳಗೆ ಕಟ್ಟಿ, ಅದೂ ಕೂತುಕೊಂಡೇ ಒಮ್ಮೆ ಬಿಗಿ ನೋಡಿಕೊಳ್ಳಿ. ನಿಂತು ಕಟ್ಟಿದ ಲಾಡಿ ಕೂತಾಗ ಒಂದು ಸುತ್ತು ಬಿಗಿಯಾಗುತ್ತದೆ, ಕೆಳಹೊಟ್ಟೆ ಹಿಗ್ಗದೆ ಖರ್ಜ ನಿಲ್ಲುವುದಿಲ್ಲ. ಚೂಡಿದಾರ್ ಪೈಜಾಮ ಮೊಣಕಾಲಲ್ಲಿ, ಮೀನಖಂಡದಲ್ಲಿ ಬಿಗಿ. ಇಪ್ಪತ್ತು ನಿಮಿಷಕ್ಕೆ ಕಾಲು ಜೋಮು ಹಿಡಿದು, ಏಳುವಾಗ ತೂರಾಡುವಂತಾಗುತ್ತದೆ. ಜೀನ್ಸ್ ಪ್ಯಾಂಟೂ ಅಷ್ಟೇ, ಮೇಲೆ ಬೆಲ್ಟಿನ ಬಕಲ್ಲು ಬೇರೆ. ಜುಬ್ಬಾ ಇಲ್ಲದಿದ್ದರೆ ಹೊಸದೇ ಬೇಕೆಂದಿಲ್ಲ, ಒಗೆದು ಇಸ್ತ್ರಿ ಮಾಡಿದ ಹತ್ತಿಯ ಅಂಗಿ, ಅಣ್ಣನ ಸಡಿಲ ಪೈಜಾಮ ನಡೆಯುತ್ತದೆ. ಹೆಗಲ ಮೇಲೆ ಶಾಲು ಮಾತ್ರ ಹಾಕಿಕೊಂಡು ಹೋಗಬೇಡಿ. ಶಾಲು ಹಿರಿಯರು ಹೊದಿಸಿದಾಗ ಹೊದೆಯುವ ವಸ್ತು.

ಹೆಣ್ಣುಮಕ್ಕಳಿಗೆ ಸಡಿಲ ಸಲ್ವಾರ್-ಕಮೀಜ್ ಸುಲಭ. ಕಮೀಜಿಗೆ ಮೇಲೆ ಹೇಳಿದ ಸೀಳಿನ ಮಾತೇ ಸಲ್ಲುತ್ತದೆ. ಓಢಣಿಯನ್ನು ಎರಡೂ ಹೆಗಲಿಗೆ ಪಿನ್ ಮಾಡಿ, ಕೊರಳಿಗೆ ಸುತ್ತಬೇಡಿ. ಇಳಿಬಿಟ್ಟ ತುದಿ ಹಾರ್ಮೋನಿಯಂ ತಿದಿಯಲ್ಲಿ ಸಿಗುತ್ತದೆ.

ಸೀರೆ ಉಡುವುದಾದರೆ ಇಳಕಲ್ ಹತ್ತಿ ಸೀರೆ ನಮ್ಮ ಕಡೆಯವರಿಗೆ ಹೇಳಿಮಾಡಿಸಿದ್ದು. ಒಡಲು ಹತ್ತಿಯಾದ್ದರಿಂದ ನಿರಿಗೆ ನಿಲ್ಲುತ್ತದೆ. ಆದರೆ ರೇಷ್ಮೆಯ ಸೆರಗು ನುಣುಪು, ಹೆಗಲಿಂದ ಜಾರುತ್ತದೆ, ಹಿಂಬದಿಯಿಂದ ಪಿನ್ ಹಾಕಿ. ಒಳಗೆ ಸ್ಯಾಟಿನ್ ಪರಕಾರ ಬೇಡ, ಅದರ ಮೇಲೆ ಸೀರೆ ಜಾರಿ ನಿರಿಗೆ ಕೆಳಗಿಳಿಯುತ್ತದೆ, ಹತ್ತಿಯದೇ ಇರಲಿ. ನಿರಿಗೆ ಸಿಕ್ಕಿಸುವಾಗ ಒಮ್ಮೆ ಮೊಣಕಾಲು ಮಡಚಿ ನೋಡಿ, ಜಗ್ಗಿದರೆ ಒಂದು ನಿರಿಗೆ ಹೆಚ್ಚು ಬಿಡಿ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕುಪ್ಪಸ. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಬರುವ ಪಟ್ಟಿಯೇ ಉಸಿರು ಹಿಗ್ಗುವ ಜಾಗ. ಗುಳೇದಗುಡ್ಡದ ಖಣ ನೋಡಲು ಬಹಳ ಚಂದ, ಆದರೆ ಎಳೆದರೆ ಹಿಗ್ಗುವ ಬಟ್ಟೆಯಲ್ಲ. ಹೊಲಿಸುವಾಗ ಆ ಪಟ್ಟಿಗೆ ಒಂದೂವರೆ ಇಂಚು ಸಡಿಲ ಕೇಳಿ, ಬಗಲಲ್ಲೂ ತುಸು ಬಿಡಿಸಿ. ಕೈ ಎತ್ತಿ ತಂಬೂರಿ ಹಿಡಿದಾಗ ಕುಪ್ಪಸ ಮೇಲೇರಬಾರದು. ಅಲಂಕಾರ ಬೇಕೆಂದರೆ ಕಸೂತಿ ಮಾಡಿಸಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ, ಮುರಗಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ತರ ಕಾಣುತ್ತವೆ, ಹೀಗಾಗಿ ಒಳಗಿಂದ ಚುಚ್ಚುವುದಿಲ್ಲ. ಜರ್ದೋಸಿ, ಕನ್ನಡಿ ಕೆಲಸ ಬೆವರಿಗೆ ಕೆರೆತ ಎಬ್ಬಿಸುತ್ತವೆ.

ಕೈತುಂಬ ಬಳೆ ಇದ್ದರೆ ತಾಳ ಹಾಕುವಾಗಲೂ ತಂಬೂರಿ ಮೀಟುವಾಗಲೂ ಸದ್ದು ಬರುತ್ತದೆ. ಬಳೆ ತೆಗೆಯಬಾರದು ಎನ್ನುವ ಮನೆಯವರಾದರೆ ಕೈಗೆ ಬಿಗಿಯಾಗಿ ಕೂಡುವ ಎರಡು ಇಟ್ಟುಕೊಳ್ಳಿ. ಕಾಲ್ಗೆಜ್ಜೆ ಬೇಡವೇ ಬೇಡ. ಕೂದಲು ಹೆಣೆದು ಹಿಂದಕ್ಕೆ ಹಾಕಿ, ಬಿಟ್ಟ ಕೂದಲು ತಂತಿಗೆ ಸಿಗುತ್ತದೆ. ತಲೆಗೆ ವಸ್ತ್ರ ಕಟ್ಟುವವರು ಹತ್ತಿಯದನ್ನು ಆರಿಸಿ, ಗದ್ದದ ಕೆಳಗೆ ಪಿನ್ ಬರದಂತೆ ಪಕ್ಕದಲ್ಲಿ ಸಿಕ್ಕಿಸಿ, ಬಾಯಿ ಪೂರ್ತಿ ತೆರೆದು ‘ಆ’ ಎಂದು ಆಕಾರ ಹಚ್ಚಿ ನೋಡಿ. ದವಡೆ ತಡೆದರೆ ಸಡಿಲಿಸಿ.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಸಂಗೀತ ಕಲಿಸುವ ದೊಡ್ಡ ಪರಂಪರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ್ದು. ಅಂಥವರು ಜುಬ್ಬಾದ ಹಿಂದಿನ ಕೊರಳ ಒಳಗೆ ಒಂದು ಸಣ್ಣ ಗುಂಡಿ ಹೊಲಿಸಿಕೊಂಡರೆ ಹಿಂದು-ಮುಂದು ಬೆರಳಿಗೇ ತಿಳಿಯುತ್ತದೆ.

ವಾದ್ಯ ನುಡಿಸುವವರ ಲೆಕ್ಕ ಬೇರೆ. ಸಿತಾರದ ಬುರುಡೆ ಎಡಗಾಲ ಪಾದದ ಮೇಲೆ ಕೂಡುತ್ತದೆ, ಬಲ ಮುಂಗೈ ಅದರ ಮೇಲೆ ಊರುತ್ತದೆ. ನುಣುಪಾದ ರೇಷ್ಮೆ, ಪಾಲಿಯೆಸ್ಟರ್ ಎರಡರಲ್ಲೂ ವಾದ್ಯ ಜಾರುತ್ತದೆ. ಹತ್ತಿಯ ಪೈಜಾಮ, ಮೊಣಕೈವರೆಗೆ ಮಡಚಿದ ತೋಳು ಸರಿ. ಲೋಹದ ಗುಂಡಿ, ಗಡಿಯಾರ ವಾದ್ಯದ ಪಾಲಿಶ್ ಕೆರೆಯುತ್ತವೆ. ಬೆರಳಿಗೆ ಎಣ್ಣೆ ಸವರುವ ಅಭ್ಯಾಸ ಇದ್ದರೆ ಒಂದು ಹಳೆಯ ಕರವಸ್ತ್ರ ಬೇಕೇ ಬೇಕು, ಇಲ್ಲದಿದ್ದರೆ ಕೈ ತಾನಾಗಿ ಜುಬ್ಬಾಕ್ಕೆ ಒರೆಸಿಕೊಳ್ಳುತ್ತದೆ. ತಬಲಾದವರು ಕಪ್ಪು, ಕಡುನೀಲಿ ಬಿಡಿ, ಕೈಗೆ ಹಚ್ಚುವ ಪೌಡರ್ ತೊಡೆಯ ಮೇಲೆಲ್ಲ ಬೆಳ್ಳಗೆ ಕಾಣುತ್ತದೆ. ಉಂಗುರ ಮೊದಲೇ ತೆಗೆದಿಡಿ, ತಬಲಾ ಶ್ರುತಿ ಮಾಡುವ ಸುತ್ತಿಗೆಯನ್ನು ಜುಬ್ಬಾದ ಜೇಬಲ್ಲಿ ಇಡಬೇಡಿ, ಭಾರಕ್ಕೆ ಒಂದು ಪಕ್ಕ ಜೋಲುತ್ತದೆ. ವಯೊಲಿನ್ನಿನ ತಲೆಯ ಸುರುಳಿ ಬಲಗಾಲ ಹಿಮ್ಮಡಿಯ ಹತ್ತಿರ ಊರುವುದರಿಂದ ಪೈಜಾಮದ ಅಂಚು ಅಲ್ಲಿ ಮುದ್ದೆಯಾಗಬಾರದು. ಕೊಳಲಿನವರು ತುಟಿಗೆ ಬಣ್ಣ, ಬಾಮು ಹಚ್ಚದಿದ್ದರೆ ಸಾಕು.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಿಳಿ ಬಣ್ಣ, ಸಣ್ಣ ಅಂಚು ಎಲ್ಲ ಕಡೆಗೂ ಒಪ್ಪುತ್ತದೆ.

ಜೂನ್, ಜುಲೈ ತಿಂಗಳಲ್ಲಿ ಆಡಿಷನ್ ಬಂದರೆ ಧಾರವಾಡದ ಜಿಟಿಜಿಟಿ ಮಳೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಚಪ್ಪಲಿ ಹಾಕಿ ನಡೆದರೆ ಕೆಸರು ಹಿಂದಿನಿಂದ ಮೀನಖಂಡದವರೆಗೆ ಸಿಡಿಯುತ್ತದೆ, ಬಿಳಿ ಪೈಜಾಮ ಅಲ್ಲಿಗೆ ಮುಗಿಯಿತು. ಬೇರೆ ಬಟ್ಟೆಯಲ್ಲಿ ಪ್ರಯಾಣ ಮಾಡಿ, ಆಡಿಷನ್ನಿನ ಬಟ್ಟೆಯನ್ನು ಮಡಚದೆ ಉರುಳೆಯಾಗಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು ನೆನೆದ ಬಟ್ಟೆಯಲ್ಲಿ ಎಸಿ ಗಾಳಿಗೆ ಕೂತರೆ ಇಳಿಯುವಷ್ಟರಲ್ಲಿ ಗಂಟಲು ಬಿಗಿಯುತ್ತದೆ, ಕೊರಳಿಗೊಂದು ಹತ್ತಿಯ ವಸ್ತ್ರ ಇರಲಿ. ಗದಗ, ಹಾವೇರಿಯಿಂದ ಬರುವವರು ನಿಮ್ಮ ಸರದಿಗೆ ಒಂದು ತಾಸು ಮೊದಲೇ ತಲುಪುವಂತೆ ಹೊರಡಿ, ಬಟ್ಟೆ ಬದಲಿಸಲು, ಕಾಲು ತೊಳೆಯಲು ಹೊತ್ತು ಬೇಕು. ಹಾಕಿ ಬಿಚ್ಚಲು ಸುಲಭದ ಚಪ್ಪಲಿ ಸಾಕು. ಕಾಲುಚೀಲ ನುಣುಪು ನೆಲದಲ್ಲಿ ಜಾರುತ್ತದೆ. ಸೆಂಟು, ಅತ್ತರು ಬೇಡ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಮ್ಮು ಹತ್ತುವುದು ನಿಮಗೇ.

ಚೀಲದಲ್ಲಿ ಒಂದು ಟವೆಲ್, ನಾಲ್ಕು ಪಿನ್ನು, ದಾರ ಪೋಣಿಸಿದ ಸೂಜಿ ಇಟ್ಟುಕೊಳ್ಳಿ. ಲಾಡಿಯ ಒಂದು ತುದಿ ಒಳಗೆ ಜಾರಿಹೋದರೆ ಗಾಬರಿ ಬೇಡ: ಲಾಡಿಯನ್ನು ಪೂರ್ತಿ ಹೊರಗೆ ಎಳೆದು, ತುದಿಗೆ ಪಿನ್ ಸಿಕ್ಕಿಸಿ, ಸೊಂಟಪಟ್ಟಿಯೊಳಗೆ ಮತ್ತೆ ತೂರಿಸಿ. ಐದು ನಿಮಿಷದ ಕೆಲಸ.