ಭಾನುವಾರ ಕಾರು ಬಿಚ್ಚಿ ಕೂತವರಿಗೆ: ಕೆಲಸ ಕೆಟ್ಟರೆ ಮುಂದೇನು?

ಮಳೆಗಾಲ ಶುರುವಾಗುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನ ನಮ್ಮ ಮನೆ ಮುಂದೆ ಹಳೆಯ ಹ್ಯಾಚ್‌ಬ್ಯಾಕ್ ನಿಲ್ಲಿಸಿಕೊಂಡು ಎಂಜಿನ್ ಆಯಿಲ್ ಬದಲಾಯಿಸಲು ಕೂತೆ. ಹೊಸ ಕೆಲಸ ಏನಲ್ಲ, ಮುಂಚೆ ಮೂರು ಸಲ ಮಾಡಿದ್ದೆ. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಹಳೆಯ ಆಯಿಲ್ ಇಳಿಸಿ, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಬೋಲ್ಟ್ ವಾಪಸ್ ಹಾಕುತ್ತಿದ್ದೆ. ಬಿಗಿಯಾಗಿತ್ತು. ಆದರೂ ಸೋರಿದರೆ ಅಂತ ಇನ್ನೊಂಚೂರು ಎಳೆದೆ. ಬಿಗಿಯಾಗುತ್ತಿದ್ದ ಬೋಲ್ಟ್ ಇದ್ದಕ್ಕಿದ್ದ ಹಾಗೆ ಹಗುರಾಯಿತು.

ಆ ಹಗುರ ಅನುಭವಿಸಿದವರಿಗೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗೊತ್ತು. ಥ್ರೆಡ್, ಅಂದರೆ ಬೋಲ್ಟನ್ನು ಹಿಡಿದು ನಿಲ್ಲಿಸುವ ಸುರುಳಿ ಗೆರೆ, ಹೋಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಇನ್ನೂರು ಮುನ್ನೂರು ರೂಪಾಯಿಗೆ ಮುಗಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ನಲ್ಲಿಗೆ ಸುತ್ತುವ ಬಿಳಿ ಟೇಪ್ ತಂದು ಬೋಲ್ಟಿಗೆ ಸುತ್ತಿ ಒತ್ತಿ ತಿರುಗಿಸಿದೆ. ನಿಂತಿತು ಅನ್ನಿಸಿತು. ಮೂರು ಲೀಟರ್ ಹೊಸ ಆಯಿಲ್ ಸುರಿದೆ. ಹನಿ ಹನಿ ಸೋರತೊಡಗಿತು. ಮತ್ತೆ ಎಳೆದೆ. ಈ ಸಲ ಬೋಲ್ಟ್ ಪೂರ್ತಿ ಕೈಗೇ ಬಂತು, ಹಿಂದೆಯೇ ಮೂರು ಲೀಟರ್ ಆಯಿಲ್ ಬಂತು, ನೇರ ಅಮ್ಮ ರಂಗೋಲಿ ಹಾಕುವ ಜಾಗಕ್ಕೆ. ಆಮೇಲೆ ಹದಿನೈದು ದಿನ ರಂಗೋಲಿ ಗೇಟಿನ ಆಚೆ ಬಿತ್ತು.

ಸಂಜೆ ಬಂದ ಮೆಕ್ಯಾನಿಕ್ ಬೋಲ್ಟ್ ತಿರುಗಿಸಿ ನೋಡಿ, "ಸಾರ್, ಮೊದಲನೇ ಸಲ ಲೂಸ್ ಆದಾಗಲೇ ಫೋನ್ ಮಾಡಿದ್ರೆ ಬೋಲ್ಟ್ ಮಾತ್ರ ಹೋಗ್ತಿತ್ತು, ಈಗ ಚೇಂಬರ್ ಬಿಚ್ಚಬೇಕು" ಅಂದರು. ಕಾರು ಕೆಲಸದಲ್ಲಿ ನಾನು ಕಂಡ ಮಟ್ಟಿಗೆ ಜೇಬಿಗೆ ಕತ್ತರಿ ಹಾಕುವುದು ಮೊದಲ ತಪ್ಪಲ್ಲ, ಅದನ್ನು ಮುಚ್ಚಲು ಗಾಬರಿಯಲ್ಲಿ ಮಾಡುವ ಎರಡನೇ ತಪ್ಪು. ಆಯಿಲ್ ಹೇಗೆ ಬದಲಾಯಿಸುವುದು ಅಂತ ಹೇಳಿಕೊಡುವ ವಿಡಿಯೋ ನೂರಾರು ಇವೆ. ಅದು ಅರ್ಧಕ್ಕೆ ಕೆಟ್ಟಾಗ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಕೈ ತೆಗೆಯಿರಿ, ಕೀ ಮುಟ್ಟಬೇಡಿ

ಏನೋ ಎಡವಟ್ಟಾಯಿತು ಅನ್ನಿಸಿದ ಕ್ಷಣ ಪಾನಾ ಕೆಳಗಿಡಿ. "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅನ್ನುವ ಆಸೆ ಬರುತ್ತದೆ, ಬೇಡ. ಆಯಿಲ್ ಇಲ್ಲದೆ ಅಥವಾ ಜಾಸ್ತಿ ಆಯಿಲ್ ಇಟ್ಟುಕೊಂಡು ಸುಮ್ನೆ ನಿಂತಿರುವ ಎಂಜಿನ್‌ಗೆ ಏನೂ ಆಗುವುದಿಲ್ಲ. ಓಡಿದರೆ ಮಾತ್ರ ಕೆಡುತ್ತದೆ. ಕಾರು ಎರಡು ದಿನ ಮನೆ ಮುಂದೆ ನಿಂತಿರಲಿ, ಅಕ್ಕಪಕ್ಕದವರು ಬಂದು ಬಗ್ಗಿ ನೋಡಿ ಸಲಹೆ ಕೊಟ್ಟು ಹೋಗಲಿ, ಪರವಾಗಿಲ್ಲ.

ಆಮೇಲೆ ಮೊಬೈಲ್ ತೆಗೆದು ಫೋಟೋ ಹೊಡೆಯಿರಿ. ಬಿಚ್ಚಿದ ಬೋಲ್ಟ್, ವಾಷರ್, ಕ್ಲಿಪ್ ಎಲ್ಲವನ್ನೂ ಒಂದು ಹಳೆಯ ಸ್ಟೀಲ್ ತಟ್ಟೆಗೆ ಹಾಕಿ. ಮುರಿದ ಚೂರನ್ನೂ ಬಿಸಾಡಬೇಡಿ, ಅದನ್ನು ನೋಡಿದರೆ ಮೆಕ್ಯಾನಿಕ್‌ಗೆ ಅರ್ಧ ವಿಷಯ ಗೊತ್ತಾಗುತ್ತದೆ.

ಆಯಿಲ್ ಬದಲಾವಣೆ: ನಾಲ್ಕು ಎಡವಟ್ಟು

ನನ್ನ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಬೋಲ್ಟ್ ಸುಮ್ನೆ ಸುತ್ತುತ್ತಿದ್ದರೆ ಅದನ್ನು ನಿಧಾನ ಹೊರಗೆ ತೆಗೆದು ಬೆಳಕಿನಲ್ಲಿ ಹಿಡಿದು ನೋಡಿ. ಬೋಲ್ಟಿನ ಥ್ರೆಡ್ ಚಪ್ಪಟೆಯಾಗಿ ಸವೆದಿದೆ, ಚೇಂಬರ್ ಕಡೆಯದು ಚೆನ್ನಾಗಿದೆ ಅಂದರೆ ನೀವು ಪುಣ್ಯವಂತರು, ಹೊಸ ಬೋಲ್ಟ್, ಹೊಸ ವಾಷರ್ ಸಾಕು. ಬೋಲ್ಟಿನ ಸುತ್ತ ಸಣ್ಣ ಸ್ಪ್ರಿಂಗಿನಂತೆ ಬೆಳ್ಳನೆ ಲೋಹದ ಎಳೆ ಸುತ್ತಿಕೊಂಡು ಬಂದಿದ್ದರೆ ಹೋಗಿರುವುದು ಚೇಂಬರಿನ ಥ್ರೆಡ್. ಅಲ್ಯೂಮಿನಿಯಂ ಚೇಂಬರ್‌ಗಳಲ್ಲಿ ಇದು ಜಾಸ್ತಿ, ಏಕೆಂದರೆ ಬೋಲ್ಟ್ ಉಕ್ಕಿನದು, ಚೇಂಬರ್ ಮೆತ್ತಗಿನ ಲೋಹದ್ದು. ಅದಕ್ಕೆ ಸರಿಯಾದ ದಾರಿ ತೂತನ್ನು ದೊಡ್ಡದು ಮಾಡಿ ಹೊಸ ಥ್ರೆಡ್ ಕೂರಿಸುವುದು, ಅದಕ್ಕೆ ಹೆಲಿಕಾಯಿಲ್ ಅನ್ನುತ್ತಾರೆ, ಒಳ್ಳೆಯ ಲೇತ್ ಅಂಗಡಿಯಲ್ಲಿ ಮಾಡುತ್ತಾರೆ. ಇಲ್ಲದಿದ್ದರೆ ಬೇರೆ ಚೇಂಬರ್. ಬಿಳಿ ಟೇಪು, ಎಂ-ಸೀಲು ಇವೆಲ್ಲ ನೀರಿನ ಪೈಪಿಗೆ ಸರಿ. ಬಿಸಿ ಆಯಿಲ್, ಎಂಜಿನ್ ನಡುಕ ಎರಡೂ ಸೇರಿದ ಜಾಗದಲ್ಲಿ ಅವನ್ನು ನಂಬಿಕೊಂಡು ಶಿರಾಡಿ ಘಾಟಿ ಇಳಿಯಲು ಹೋಗಬೇಡಿ.

ಎಷ್ಟು ಬಿಗಿ ಮಾಡಬೇಕು ಅಂತ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಆಸುಪಾಸು. ಅಂದರೆ ಏನು ಅಂತ ಕೈಗೆ ಗೊತ್ತಾಗಬೇಕಲ್ವಾ? 25 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 14 ಕೆಜಿ ಭಾರ ನೇತುಹಾಕಿದಷ್ಟು. 25 ಕೆಜಿಯ ಅಕ್ಕಿ ಮೂಟೆ ಎತ್ತಿದ್ದೀರಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಎರಡೂ ಕೈ ಹಾಕಿ ಕಾಲು ಒದ್ದು ಎಳೆಯುವ ಕೆಲಸ ಅಲ್ಲವೇ ಅಲ್ಲ. ಸೋರದಂತೆ ತಡೆಯುವುದು ನಮ್ಮ ಶಕ್ತಿಯಲ್ಲ, ವಾಷರ್. ಪ್ರತಿ ಸಲ ಹೊಸದು ಹಾಕಿ.

ಎರಡನೆಯದು ಫಿಲ್ಟರ್. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಷ್ಟೋ ಸಲ ಎಂಜಿನ್‌ಗೇ ಅಂಟಿಕೊಂಡು ಉಳಿದುಬಿಡುತ್ತದೆ. ಕಪ್ಪು ಮೇಲೆ ಕಪ್ಪು, ಕಾಣುವುದಿಲ್ಲ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗುತ್ತವೆ. ಮನೆ ಮುಂದೆ ಸ್ಟಾರ್ಟ್ ಮಾಡಿದಾಗ ಎಲ್ಲ ಸರಿ ಇದ್ದಂತೆ ಕಾಣಬಹುದು. ರಸ್ತೆಗಿಳಿದು ಆಯಿಲ್ ಒತ್ತಡ ಏರಿದ ಮೇಲೆ ಒಂದು ರಿಂಗ್ ಜಾರಿತು ಅಂದರೆ ಆಯಿಲ್ ಪೂರ್ತಿ ಹೊರಗೆ. ಆದ್ದರಿಂದ ಹಳೆಯ ಫಿಲ್ಟರ್ ಕೈಯಲ್ಲಿ ಹಿಡಿದು ರಿಂಗ್ ಇದೆಯಾ ಅಂತ ಬೆರಳಾಡಿಸಿ ನೋಡಿ. ಇಲ್ಲ ಅಂದರೆ ಎಂಜಿನ್ ಮೇಲಿದೆ. ಓಡಿಸುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಅನ್ನಬೇಡಿ, ಎಡಕ್ಕೆ ತಂದು ತಕ್ಷಣ ಆಫ್ ಮಾಡಿ.

ಮೂರನೆಯದು ನಗು ತರಿಸುವ ಎಡವಟ್ಟು, ಆದರೆ ಬಿಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಬಲ್ಲದು. ಗಾಡಿ ಕೆಳಗೆ ಮಲಗಿದಾಗ ಬೋಲ್ಟ್ ಒಂದೇ ಕಾಣುವುದಿಲ್ಲ, ಗೇರ್‌ಬಾಕ್ಸಿಗೂ ಒಂದು ಇರುತ್ತದೆ. ಎಂಜಿನ್ ಆಯಿಲ್ ಅಂದುಕೊಂಡು ಗೇರ್ ಆಯಿಲ್ ಇಳಿಸಿ, ಮೇಲಿನಿಂದ ಎಂಜಿನ್‌ಗೆ ಮೂರು ಲೀಟರ್ ಸುರಿದವರು ಬೇಕಾದಷ್ಟು ಜನ ಇದ್ದಾರೆ. ಈಗ ಗೇರ್‌ಬಾಕ್ಸ್ ಖಾಲಿ, ಎಂಜಿನ್ ತುಂಬಿ ತುಳುಕುತ್ತಿದೆ. ತಪ್ಪಿಸಿಕೊಳ್ಳುವ ಉಪಾಯ ಸುಲಭ: ಆಯಿಲ್ ಇಳಿದ ಮೇಲೆ, ಹೊಸದು ಸುರಿಯುವ ಮುಂಚೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ ಅದ್ದಿ ನೋಡಿ. ಆಯಿಲ್ ಇನ್ನೂ ಇದೆಯಾ? ಹಾಗಾದರೆ ನೀವು ಬಿಚ್ಚಿದ್ದು ಬೇರೆ ಬೋಲ್ಟ್. ಆಗಲೇ ಸುರಿದುಬಿಟ್ಟಿದ್ದರೆ ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡೂ ದೂರ ಹೋಗಬೇಡಿ, ಮೆಕ್ಯಾನಿಕನ್ನೇ ಮನೆಗೆ ಕರೆಸಿ. ಗೇರ್‌ಬಾಕ್ಸಿಗೆ ಸರಿಯಾದ ಗ್ರೇಡಿನ ಆಯಿಲ್ ಬೇರೆ ತೂತಿನಿಂದ ತುಂಬಬೇಕು, ಅದು ಮನೆಯಲ್ಲಿರುವ ಕೊಳವೆಗೆ ಬಗ್ಗುವ ಜಾಗವಲ್ಲ.

ಇನ್ನು ಸ್ವಲ್ಪ ಜಾಸ್ತಿ ಸುರಿದಿದ್ದರೆ. ಇದು ಎಲ್ಲರೂ ಮಾಡುವುದೇ. ಡಬ್ಬದಲ್ಲಿ ಉಳಿದಿದ್ದನ್ನು ಯಾಕೆ ಇಡುವುದು ಅಂತ ಪೂರ್ತಿ ಸುರಿದುಬಿಡುತ್ತೇವೆ. ಆಯಿಲ್ ಮಟ್ಟ ತೀರಾ ಏರಿದರೆ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಬಂದ ಆಯಿಲ್ ಬೇರಿಂಗನ್ನು ಸವೆಯದಂತೆ ಕಾಪಾಡುವುದಿಲ್ಲ. ಮೊದಲು ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ನೋಡಿ, ರ‍್ಯಾಂಪ್ ಮೇಲಿದ್ದಾಗ ಅಥವಾ ಇಳಿಜಾರಿನಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಮೇಲಿನ ಗುರುತಿನ ಆಸುಪಾಸು ಕೂದಲೆಳೆ ಜಾಸ್ತಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿಯಾದರೆ ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ಮತ್ತು ಡ್ರಿಪ್ ಹಾಕುವ ಸಣ್ಣ ಪೈಪ್ ತೆಗೆದುಕೊಳ್ಳಿ. ಎಂಜಿನ್ ಉಗುರು ಬೆಚ್ಚಗಿರುವಾಗ ಪೈಪನ್ನು ಡಿಪ್‌ಸ್ಟಿಕ್ ತೂತಿನಲ್ಲಿ ಇಳಿಸಿ ಎಳೆಯಿರಿ. ಕೈ ನೋಯುತ್ತದೆ, ಆದರೆ ಕೆಳಗಿನ ಬೋಲ್ಟ್ ಮತ್ತೆ ಬಿಚ್ಚುವುದಕ್ಕಿಂತ ವಾಸಿ.

ನೆಲಕ್ಕೆ ಚೆಲ್ಲಿದ ಆಯಿಲ್‌ಗೆ ನೀರು ಹಾಕಬೇಡಿ, ಹರಡುತ್ತದೆ ಅಷ್ಟೇ. ಮರದ ಹೊಟ್ಟು, ಮರಳು ಅಥವಾ ಬೂದಿ ದಪ್ಪಗೆ ಹಾಕಿ ಒಂದೆರಡು ಗಂಟೆ ಬಿಟ್ಟು ಗುಡಿಸಿ, ಆಮೇಲೆ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿ. ಹಳೆಯ ಆಯಿಲ್ ಮೋರಿಗೆ ಬೇಡ. ಗೆದ್ದಲು ಬಾರದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯುವ ಅಭ್ಯಾಸ ಊರ ಕಡೆ ಇದೆ, ಅದೂ ಕೊನೆಗೆ ಮಣ್ಣಿಗೇ ಇಳಿಯುತ್ತದೆ. ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ, ಅವರ ಹತ್ತಿರ ಬ್ಯಾರಲ್ ಇರುತ್ತದೆ, ಹಳೆಯ ಆಯಿಲ್ ಕೊಳ್ಳುವವರು ಬಂದು ಒಯ್ಯುತ್ತಾರೆ.

ಜಾಕಿ, ಟೈರು, ಬ್ರೇಕು

ಇಲ್ಲಿ ಕೆಡುವುದು ಗಾಡಿ ಮಾತ್ರ ಅಲ್ಲ, ಆದ್ದರಿಂದ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಡಿಕ್ಕಿಯಲ್ಲಿ ಕೊಟ್ಟಿರುವ ಜಾಕಿ ಸ್ಟೆಪ್ನಿ ಹಾಕಲು ಮಾತ್ರ. ಅದರ ಮೇಲೆ ನಿಂತ ಗಾಡಿ ಕೆಳಗೆ ತಲೆ, ಕೈ, ಕಾಲು ಏನೂ ಹೋಗಕೂಡದು. ಇಟ್ಟಿಗೆ, ಹಾಲೋ ಬ್ಲಾಕ್ ಒಟ್ಟಿ ಅದರ ಮೇಲೆ ಗಾಡಿ ಕೂರಿಸುವುದೂ ಬೇಡ, ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಕಬ್ಬಿಣದ ಜಾಕ್ ಸ್ಟ್ಯಾಂಡ್ ಇಲ್ಲವಾ? ಹಾಗಾದರೆ ಆ ಕೆಲಸ ಇವತ್ತು ಇಲ್ಲ.

ಮಳೆಗಾಲದಲ್ಲಿ ಮಣ್ಣಿನ ಮೇಲೆ ಜಾಕಿ ಇಟ್ಟರೆ ಗಾಡಿ ಏಳುವ ಬದಲು ಜಾಕಿ ಹೂತುಹೋಗುತ್ತದೆ. ವಾಲುತ್ತಿದೆ ಅನ್ನಿಸಿದರೆ ಕೈಯಿಂದ ಹಿಡಿದು ನಿಲ್ಲಿಸಲು ಹೋಗಬೇಡಿ, ದೂರ ಸರಿಯಿರಿ. ಬಿದ್ದರೆ ಬೀಳಲಿ. ಗಟ್ಟಿ ಹಲಗೆ ಕೊಟ್ಟು ಮತ್ತೆ ಶುರು ಮಾಡಬಹುದು. ಚಕ್ರದ ನಟ್ಟುಗಳನ್ನು ಗಾಡಿ ಎತ್ತುವ ಮುಂಚೆ, ಟೈರ್ ನೆಲದಲ್ಲಿದ್ದಾಗಲೇ ಲೂಸ್ ಮಾಡಿ. ಹಾಕುವಾಗ ಮೊದಲು ಎಲ್ಲವನ್ನೂ ಬರಿಗೈಯಲ್ಲಿ ತಿರುಗಿಸಿ, ಆಮೇಲೆ ಎದುರು ಬದುರಾಗಿ ಬಿಗಿ ಮಾಡಿ, ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಪರೀಕ್ಷಿಸಿ.

ಬ್ರೇಕ್ ಪ್ಯಾಡ್ ನೀವೇ ಬದಲಾಯಿಸಿದ್ದರೆ, ಗಾಡಿ ಒಂದು ಅಡಿಯೂ ಚಲಿಸುವ ಮುಂಚೆ ಪೆಡಲನ್ನು ಹಲವು ಸಲ ಒತ್ತಿ. ಪ್ಯಾಡ್ ಹಾಕಲು, ಅದನ್ನು ಒತ್ತುವ ಪಿಸ್ಟನ್ನನ್ನು ಒಳಗೆ ತಳ್ಳಿರುತ್ತೀರಿ, ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಎಷ್ಟು ಒತ್ತಿದರೂ ಗಟ್ಟಿಯಾಗದೆ ಸ್ಪಂಜಿನಂತಿದ್ದರೆ ಲೈನಿಗೆ ಗಾಳಿ ಸೇರಿರಬಹುದು, ಆ ಗಾಡಿ ಟೋ ಆಗಿಯೇ ಹೋಗಬೇಕು. "ನಿಧಾನ ಓಡಿಸಿಕೊಂಡು ಹೋಗ್ತೀನಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬ್ರೇಕ್ ಆಯಿಲ್ ಬಾಡಿ ಮೇಲೆ ಚೆಲ್ಲಿದರೆ ಬಣ್ಣ ತಿನ್ನುತ್ತದೆ, ಒರೆಸುವ ಬದಲು ಕೂಡಲೇ ಜಾಸ್ತಿ ನೀರು ಹಾಕಿ ತೊಳೆಯಿರಿ.

ಬ್ಯಾಟರಿ ಮತ್ತೆ ಚಿಲ್ಲರೆ ಕೆಲಸಗಳು

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಗಾಡಿಯ ಬಾಡಿ ಪೂರ್ತಿ ಮೈನಸ್ ಆಗಿರುವುದರಿಂದ, ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಉಂಗುರ, ಬೆಳ್ಳಿ ಕಡಗ ತೆಗೆದಿಡಿ. ಉಲ್ಟಾ ಜೋಡಿಸಿಬಿಟ್ಟರೆ ಬೇಗ ಮೈನಸ್ ಕಳಚಿ. ಪುಣ್ಯವಿದ್ದರೆ ಮೇನ್ ಫ್ಯೂಸ್ ಒಂದೇ ಹೋಗಿರುತ್ತದೆ, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡೂ ಹೋಗಿರಬಹುದು. ಹೋದ ಫ್ಯೂಸ್ ಜಾಗಕ್ಕೆ ತಂತಿ ಸುತ್ತಬೇಡಿ, ಕೆಂಪು ಬಣ್ಣದ 10 ಆಂಪಿಯರ್ ತೆಗೆದು ಹಳದಿಯ 20 ಹಾಕಬೇಡಿ. ಫ್ಯೂಸ್ ಉಳಿಯುತ್ತದೆ, ವೈರು ಉರಿಯುತ್ತದೆ.

ಸ್ಪಾರ್ಕ್ ಪ್ಲಗ್ ಹಾಕುವಾಗ ಪಾನಾದಿಂದ ಶುರು ಮಾಡಬೇಡಿ. ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದ ತಿರುಗಿಸಿ. ಅಡ್ಡ ಕೂತರೆ ಪೈಪ್ ಸುಮ್ನೆ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಬಿಸಿ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ, ಒತ್ತಡದಲ್ಲಿರುವ ನೀರು 100 ಡಿಗ್ರಿಗಿಂತ ಬಿಸಿಯಿದ್ದರೂ ಕುದಿಯದೆ ಕಾಯುತ್ತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಬರುತ್ತದೆ.

ವೈಪರ್ ಬದಲಾಯಿಸುವುದರಲ್ಲಿ ಏನಿದೆ ಅನ್ನುತ್ತೀರಾ? ಬ್ಲೇಡ್ ತೆಗೆದು ಬರೀ ತೋಳನ್ನು ಎತ್ತಿ ನಿಲ್ಲಿಸಿ, ಹೊಸ ಬ್ಲೇಡಿನ ಪ್ಯಾಕೆಟ್ ಹರಿಯುತ್ತಿರುವಾಗ ಕೈ ತಾಗಿ ಆ ಕಬ್ಬಿಣದ ತೋಳು ಫಟ್ ಅಂತ ಗಾಜಿಗೆ ಬಡಿದರೆ ಗೊತ್ತಾಗುತ್ತದೆ. ಐದು ನಿಮಿಷದ ಕೆಲಸಕ್ಕೆ ಮುಂದಿನ ಗಾಜು ಹೋಗುತ್ತದೆ. ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಇಟ್ಟು ಶುರು ಮಾಡಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು

ಇದ್ದದ್ದನ್ನು ಇದ್ದಂತೆ ಹೇಳಿ. ನಾಚಿಕೆಯಿಂದ "ತಾನಾಗೇ ಸೋರುತ್ತಿದೆ" ಅಂದರೆ ಅವರು ತಾನಾಗೇ ಸೋರುವ ಕಾರಣಗಳನ್ನೇ ಹುಡುಕುತ್ತಾ ಕೂರುತ್ತಾರೆ, ಅಷ್ಟು ಹೊತ್ತಿನ ಕೂಲಿ ನಿಮ್ಮದೇ. ಯಾವ ಬೋಲ್ಟ್ ಬಿಚ್ಚಿದಿರಿ, ಯಾವ ಗ್ರೇಡಿನ ಆಯಿಲ್ ಎಷ್ಟು ಸುರಿದಿರಿ, ಆಮೇಲೆ ಎಂಜಿನ್ ಓಡಿತಾ, ಓಡಿದ್ದರೆ ಎಷ್ಟು ಹೊತ್ತು, ದೀಪ ಯಾವುದು ಹತ್ತಿತು. ಫೋಟೋ ವಾಟ್ಸಾಪ್ ಮಾಡಿದರೆ ಬರುವಾಗಲೇ ಬೋಲ್ಟು, ವಾಷರು ಜೇಬಲ್ಲಿ ಹಾಕಿಕೊಂಡು ಬರುತ್ತಾರೆ.

ನಮ್ಮ ಮೆಕ್ಯಾನಿಕ್ ಈಗ ಭಾನುವಾರ ನನ್ನ ಫೋನ್ ಎತ್ತಿದರೆ ಹಲೋ ಅನ್ನುವುದಿಲ್ಲ, "ಸ್ಟಾರ್ಟ್ ಮಾಡಿಲ್ಲ ತಾನೆ ಸಾರ್?" ಅಂತಲೇ ಶುರು ಮಾಡುತ್ತಾರೆ.